ಹಳೆಯ ವ್ಯಾಕ್ಯೂಮ್ ಕ್ಲೀನರ್: ಕೊಳ್ಳುವ, ಕಾಪಾಡುವ, ಮತ್ತೆ ಓಡಿಸುವ ವಿಧಾನ

ಅಂಚೆಚೀಟಿ, ನಾಣ್ಯ, ಗ್ರಾಮಫೋನು, ವಾಲ್ವ್ ರೇಡಿಯೊ ಮೊದಲಾದವುಗಳನ್ನು ಸಂಗ್ರಹಿಸುವ ಹವ್ಯಾಸ ಹೊರನಾಡ ಕನ್ನಡಿಗರ ಮನೆಗಳಲ್ಲಿ ಅಪರೂಪವೇನಲ್ಲ. ಆದರೆ ಮನೆಗೆಲಸಕ್ಕೆ ದುಡಿದ ವಿದ್ಯುತ್ ಯಂತ್ರಗಳಿಗೆ ಈ ಗೌರವ ಇನ್ನೂ ದೊರೆತಿಲ್ಲ. ಹಾಡು ಕೇಳಿಸಿದ ಪೆಟ್ಟಿಗೆಗೆ ಷೋಕೇಸಿನಲ್ಲಿ ಸ್ಥಾನ ಸಿಗುತ್ತದೆ. ವರ್ಷಾನುಗಟ್ಟಲೆ ಮನೆಯ ಧೂಳನ್ನು ಹೀರಿದ ಯಂತ್ರವಾದರೋ ಕೆಟ್ಟ ವಾರವೇ ಗುಜರಿಯವನ ತಕ್ಕಡಿ ಏರುತ್ತದೆ. ಅಮೆರಿಕದ ಒಹಾಯೊ ರಾಜ್ಯದ ನಾರ್ತ್ ಕ್ಯಾಂಟನ್‌ನಲ್ಲಿ ಇಂತಹ ಯಂತ್ರಗಳಿಗೆಂದೇ ಮೀಸಲಾದ ಹೂವರ್ ಐತಿಹಾಸಿಕ ಕೇಂದ್ರವಿದೆ. ನಮ್ಮಲ್ಲಿ ಅವು ಉಳಿದಿರುವುದು ಬಹುಮಟ್ಟಿಗೆ ಅಟ್ಟದ ಮೇಲೆ ಮತ್ತು ಹಳೆಯ ಸಾಮಾನಿನ ಬಜಾರುಗಳಲ್ಲಿ ಮಾತ್ರ.

ಬಳಸಿದ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಸಂಗ್ರಹಕ್ಕಾಗಿ ಕೊಳ್ಳಬಯಸುವವರಿಗೂ, ತಮ್ಮದೇ ಮನೆಯಲ್ಲಿ ಮೂಲೆ ಸೇರಿದ ಯಂತ್ರವನ್ನು ಉಳಿಸಿಕೊಳ್ಳಬಯಸುವವರಿಗೂ ನೆರವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಇತಿಹಾಸ, ಆಯ್ಕೆ, ವಿದ್ಯುತ್ ಸುರಕ್ಷೆ, ದುರಸ್ತಿ, ದಾಖಲೆ ಎಂಬ ಕ್ರಮದಲ್ಲಿ ವಿಷಯವನ್ನು ವಿಂಗಡಿಸಲಾಗಿದೆ.

ಯಂತ್ರದ ಹುಟ್ಟು

ಧೂಳನ್ನು ಊದಿ ಹಾರಿಸುವ ಬದಲು ಹೀರಿ ಹಿಡಿಯಬೇಕೆಂಬ ಕಲ್ಪನೆಯನ್ನು ಕಾರ್ಯಸಾಧ್ಯಗೊಳಿಸಿದವರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಪ್ರಮುಖರು. 1901ರಲ್ಲಿ ಅವರು ಪೇಟೆಂಟ್ ಪಡೆದ ಯಂತ್ರ ಮನೆಯೊಳಗೆ ಹಿಡಿಸುವಂತಹುದಾಗಿರಲಿಲ್ಲ. ಕುದುರೆಗಾಡಿಯ ಮೇಲೆ ಬರುತ್ತಿದ್ದ ಆ ಬೃಹತ್ ಯಂತ್ರವನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಒಳಗೆಳೆದು ರತ್ನಗಂಬಳಿಗಳನ್ನು ಶುಚಿಗೊಳಿಸಲಾಗುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆಗಳನ್ನು ಈ ಯಂತ್ರದಿಂದಲೇ ಶುಚಿಗೊಳಿಸಿದ್ದು ಅದರ ಖ್ಯಾತಿಗೆ ಕಾರಣವಾಯಿತು.

ಕೈಯಲ್ಲಿ ಹಿಡಿದು ತಳ್ಳಬಹುದಾದ ವಿದ್ಯುತ್ ಯಂತ್ರವನ್ನು ರೂಪಿಸಿದವರು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಕಟ್ಟಡವೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಅವರಿಗೆ ಉಬ್ಬಸದ ಕಾಯಿಲೆಯಿತ್ತು. ಧೂಳಿನಿಂದ ಪಾರಾಗಲು ಫ್ಯಾನ್ ಮೋಟರು ಮತ್ತು ದಿಂಬಿನ ಚೀಲವನ್ನು ಜೋಡಿಸಿ ಅವರು ಮಾಡಿದ ಪ್ರಯೋಗಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಕ್ಕನ್ನು ಕೊಂಡವರು ಚರ್ಮದ ಸಾಮಾನುಗಳ ತಯಾರಕರಾಗಿದ್ದ ವಿಲಿಯಂ ಹೆನ್ರಿ ಹೂವರ್. ಇಂಗ್ಲೆಂಡಿನಲ್ಲಿ ಈ ಹೆಸರು ಎಷ್ಟು ಬಳಕೆಗೆ ಬಂತೆಂದರೆ, ಧೂಳು ಹೀರುವ ಕ್ರಿಯೆಗೇ ಜನ 'ಹೂವರ್' ಎಂದು ಹೇಳತೊಡಗಿದರು. ಲಂಡನ್ನಿನ ಪೆರಿವೇಲ್‌ನಲ್ಲಿ 1930ರ ದಶಕದಲ್ಲಿ ತಲೆಯೆತ್ತಿದ ಹೂವರ್ ಕಾರ್ಖಾನೆಯ ಬಿಳಿಯ ಕಟ್ಟಡ ಇಂದಿಗೂ ವಾಸ್ತುಶಿಲ್ಪ ಪ್ರಿಯರ ಗಮನ ಸೆಳೆಯುತ್ತಿದೆ.

ಮೂರನೆಯ ಕವಲು ಸ್ವೀಡನ್ನಿನದು. ಆಕ್ಸೆಲ್ ವೆನ್ನರ್-ಗ್ರೆನ್ ಅವರ ನೇತೃತ್ವದಲ್ಲಿ 1919ರಲ್ಲಿ ರೂಪುಗೊಂಡ ಎಲೆಕ್ಟ್ರೋಲಕ್ಸ್ ಸಂಸ್ಥೆಯು 1921ರಲ್ಲಿ ಹೊರತಂದ ಐದನೆಯ ಮಾದರಿ ನೆಲದ ಮೇಲೆ ಜಾರುಗಾಡಿಯಂತೆ ಸರಿಯುವ ಉರುಳೆಯಾಕಾರದ್ದು. ಇಂದು ನಾವು ಸಾಮಾನ್ಯವಾಗಿ ನೋಡುವ, ನೆಲದ ಮೇಲೆ ಯಂತ್ರವನ್ನಿಟ್ಟು ಹೋಸ್ ಪೈಪಿನಿಂದ ಹೀರುವ ವಿನ್ಯಾಸ ಅಲ್ಲಿಂದಲೇ ಬಂದಿತು. 1930ರ ದಶಕದಲ್ಲಿ ಹೆಸರಾಂತ ವಿನ್ಯಾಸಕಾರರೇ ಈ ಕ್ಷೇತ್ರಕ್ಕೆ ಬಂದರು. 1936ರ ಹೂವರ್ 150 ಮಾದರಿಯನ್ನು ಹೆನ್ರಿ ಡ್ರೇಫಸ್ ರೂಪಿಸಿದರೆ, 1937ರ ಎಲೆಕ್ಟ್ರೋಲಕ್ಸ್ ಮೂವತ್ತನೆಯ ಮಾದರಿಯನ್ನು ಲುರೆಲ್ ಗಿಲ್ಡ್ ರೂಪಿಸಿದರು. ಸಂಗ್ರಾಹಕರು ಇವೆರಡನ್ನೂ ಇಂದಿಗೂ ಅರಸುತ್ತಾರೆ. ಚೀಲವೇ ಬೇಡವಾದ, ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಬೇರ್ಪಡಿಸುವ ಯಂತ್ರವನ್ನು ಜೇಮ್ಸ್ ಡೈಸನ್ ತಮ್ಮದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು 1993ರಲ್ಲಿ. ಅದಕ್ಕೆ ಮುನ್ನ ಅವರು ತಯಾರಿಸಿ ನೋಡಿದ ಮಾದರಿಗಳ ಸಂಖ್ಯೆ 5,127.

ನಮ್ಮ ಮನೆಗಳಿಗೆ ಬಂದ ಬಗೆ

ಭಾರತದಲ್ಲಿ ಈ ಯಂತ್ರ ಬಹುಕಾಲ ಹೊರಗಿನದಾಗಿಯೇ ಉಳಿದುದಕ್ಕೆ ಕಾರಣಗಳು ಸ್ಪಷ್ಟ. ರತ್ನಗಂಬಳಿ ಹಾಸಿದ ನೆಲ ನಮ್ಮದಲ್ಲ. ಸಾರಿಸಿದ ನೆಲ, ಕೆಂಪು ಗಾರೆಯ ನೆಲ, ಮೊಸಾಯಿಕ್ ನೆಲ ಇವಕ್ಕೆಲ್ಲ ಪೊರಕೆ ಮತ್ತು ಒದ್ದೆ ಬಟ್ಟೆಯೇ ಸಾಕಾಗಿತ್ತು. ಬ್ರಿಟಿಷರ ಕಾಲದಲ್ಲಿ ಬಂದ ಯಂತ್ರಗಳು ಬಂಗಲೆ, ಕ್ಲಬ್ಬು, ದೊಡ್ಡ ಹೋಟೆಲುಗಳನ್ನು ದಾಟಿ ಮಧ್ಯಮ ವರ್ಗದ ಮನೆಗಳಿಗೆ ಅಷ್ಟಾಗಿ ಬರಲಿಲ್ಲ.

1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆ ಈ ಸ್ಥಿತಿಯನ್ನು ಬದಲಿಸಿತು. ಅದು ಎಲೆಕ್ಟ್ರೋಲಕ್ಸ್ ಸಹಯೋಗದಲ್ಲಿ ಸ್ಥಾಪನೆಯಾದ ಸಂಸ್ಥೆ. ಅಂಗಡಿಯಲ್ಲಿ ಇಟ್ಟು ಮಾರುವುದನ್ನು ಬಿಟ್ಟು, ಟೈ ಕಟ್ಟಿದ ಯುವ ಮಾರಾಟಗಾರರನ್ನು ಮನೆಬಾಗಿಲಿಗೇ ಕಳುಹಿಸಿ ಸೋಫಾ, ಹಾಸಿಗೆ, ಪರದೆಗಳ ಮೇಲೆ ಯಂತ್ರವನ್ನು ಓಡಿಸಿ ತೋರಿಸುವ ಕ್ರಮವನ್ನು ಅದು ಅನುಸರಿಸಿತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ವಸತಿ ಸಂಕೀರ್ಣಗಳಲ್ಲಿ ನೆಲೆಸಿದ ನೌಕರಿಯ ಕುಟುಂಬಗಳು 'ಯುರೋಕ್ಲೀನ್' ಎಂಬ ಹೆಸರನ್ನು ಪರಿಚಯಿಸಿಕೊಂಡದ್ದು ಹೀಗೆ. ಅನೇಕ ಕನ್ನಡ ಮನೆಗಳ ಅಟ್ಟದಲ್ಲಿ ಇಂದು ಧೂಳು ತಿನ್ನುತ್ತಿರುವುದು ಬಹುಶಃ ಈ ತಲೆಮಾರಿನ ಯಂತ್ರವೇ. ಅದು ಮನೆಗೆ ಬಂದು ನಲವತ್ತು ವರ್ಷಗಳಾಗಿದ್ದರೆ ಸಂಗ್ರಹಯೋಗ್ಯ ವಸ್ತುವಾಗುವ ವಯಸ್ಸನ್ನು ಅದು ಈಗಾಗಲೇ ತಲುಪಿದೆ ಎಂಬುದನ್ನು ಓದುಗರು ಗಮನಿಸಬೇಕು.

ಎಲ್ಲಿ ಹುಡುಕಬೇಕು

ಮುಂಬಯಿಯಲ್ಲಿ ಹಳೆಯ ವಸ್ತುಗಳಿಗೆ ಮಟನ್ ಸ್ಟ್ರೀಟಿನ ಚೋರ್ ಬಜಾರ್ ಹೆಸರಾದುದು. ಶುಕ್ರವಾರ ನಸುಕಿನಲ್ಲಿ ರಸ್ತೆಬದಿಯಲ್ಲಿ ಹರಡಿಕೊಳ್ಳುವ ಜುಮ್ಮಾ ಬಜಾರಿನಲ್ಲಿ ಬಿಡಿಭಾಗಗಳು ದೊರೆಯುವ ಸಂಭವ ಹೆಚ್ಚು. ಪುಣೆಯವರಿಗೆ ಬುಧವಾರ ಮತ್ತು ಭಾನುವಾರಗಳ ಜೂನಾ ಬಜಾರ್, ಹೈದರಾಬಾದಿನವರಿಗೆ ಎರ್ರಗಡ್ಡದ ಭಾನುವಾರದ ಸಂತೆ ಇದೆ. ಹೊಸ ತಂತಿ, ಪ್ಲಗ್, ಕೆಪಾಸಿಟರ್, ಬೇರಿಂಗುಗಳಿಗಾಗಿ ಮುಂಬಯಿಯ ಲೋಹಾರ್ ಚಾಳ್ ಮತ್ತು ಲ್ಯಾಮಿಂಗ್‌ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ಭಾಗೀರಥ ಪ್ಯಾಲೇಸ್, ಬೆಂಗಳೂರಿನ ಎಸ್.ಪಿ. ರಸ್ತೆಗಳನ್ನು ನೆಚ್ಚಬಹುದು. ಹಳೆಯ ಹೋಟೆಲು, ಕಚೇರಿಗಳು ಮುಚ್ಚಿದಾಗ ನಡೆಯುವ ಹರಾಜುಗಳೂ ಒಳ್ಳೆಯ ಮೂಲ. ಎಲ್ಲಕ್ಕಿಂತ ಮೊದಲು ಬಂಧುಬಾಂಧವರ ಅಟ್ಟಗಳನ್ನು ವಿಚಾರಿಸುವುದು ಲೇಸು. ಅಲ್ಲಿ ಯಂತ್ರದ ಜೊತೆಗೆ ಅದರ ಕಥೆಯೂ ಸಿಗುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದುದು

ಸಂತೆಯಲ್ಲಿ ಮಾರುವವನು ಯಂತ್ರವನ್ನು ನೇರವಾಗಿ ಪ್ಲಗ್‌ಗೆ ಹಾಕಿ ಓಡಿಸಿ ತೋರಿಸಲು ಮುಂದಾಗುವುದುಂಟು. ಅದನ್ನು ನಯವಾಗಿ ತಡೆಯಬೇಕು. ದಶಕಗಳ ಕಾಲ ನಿಂತಿದ್ದ ಮೋಟರನ್ನು ಒಮ್ಮೆಲೇ ಪೂರ್ಣ ವೋಲ್ಟೇಜಿನಲ್ಲಿ ತಿರುಗಿಸಿದರೆ, ಒಣಗಿದ ಬೇರಿಂಗು ಹಿಡಿದುಕೊಂಡು ಅಥವಾ ತೇವ ಕುಡಿದ ವೈಂಡಿಂಗ್ ಸುಟ್ಟು, ಅಲ್ಲಿಯವರೆಗೆ ಸರಿಯಿದ್ದ ಯಂತ್ರವೂ ಕೆಡಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೊದಲು ಹೆಸರುಫಲಕವನ್ನು ಓದಬೇಕು. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ವೋಲ್ಟೇಜು, ವ್ಯಾಟ್ ಇಷ್ಟೂ ಅದರಲ್ಲಿರುತ್ತವೆ. ಫಲಕವಿಲ್ಲದ ಯಂತ್ರದ ಮೌಲ್ಯ ಸಂಗ್ರಾಹಕನ ದೃಷ್ಟಿಯಲ್ಲಿ ಗಣನೀಯವಾಗಿ ಇಳಿಯುತ್ತದೆ. ನಂತರ ಕೈಯಿಂದ ಫ್ಯಾನನ್ನು ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಒಳ್ಳೆಯ ಲಕ್ಷಣ. ಒರಟಾಗಿ ಕರಕರ ಎಂದರೆ ಬೇರಿಂಗು ಬದಲಿಸಬೇಕು. ಅಲುಗಾಡಿ ಒಂದು ಕಡೆ ತಗುಲಿದರೆ ದಂಡವೇ ಬಾಗಿರಬಹುದು. ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬಡಿದರೆ ವೈಂಡಿಂಗ್ ಹೋಗಿದೆ ಎಂದೇ ತಿಳಿದು ಬೆಲೆ ಕಟ್ಟಬೇಕು. ರೀವೈಂಡಿಂಗ್ ವೆಚ್ಚ ಅನೇಕ ಸಲ ಯಂತ್ರದ ಬೆಲೆಯನ್ನೇ ಮೀರುತ್ತದೆ.

ಮೂರನೆಯದಾಗಿ ಜೊತೆಯ ಸಾಮಗ್ರಿಗಳು. ಮೋಟರಿನ ಭಾಗಗಳು ಹೇಗೋ ಸಿಗುತ್ತವೆ; ಮೂಲ ಹೋಸ್ ಪೈಪು, ಕೊಳವೆಗಳು, ಬ್ರಷ್ಷುಗಳು, ಧೂಳುಚೀಲ ಸಿಗುವುದು ಕಷ್ಟ. ಮುರಿದ ಬೇಕಲೈಟ್ ಮುಚ್ಚಳವನ್ನು ಮತ್ತೆ ಎರಕ ಹೊಯ್ಯಿಸುವುದು ಸುಲಭವಲ್ಲ. ಆದುದರಿಂದ ಓಡುವ, ಆದರೆ ಸಾಮಗ್ರಿಗಳಿಲ್ಲದ ಯಂತ್ರಕ್ಕಿಂತ, ಓಡದಿದ್ದರೂ ಎಲ್ಲ ಸಾಮಗ್ರಿಗಳೊಡನೆ ಪೂರ್ಣವಾಗಿರುವ ಯಂತ್ರವನ್ನು ಆರಿಸಿಕೊಳ್ಳುವುದು ಜಾಣತನ. ಹಳೆಯ ರಸೀದಿ, ಗ್ಯಾರಂಟಿ ಕಾರ್ಡು, ಕೈಪಿಡಿ, ರಟ್ಟಿನ ಪೆಟ್ಟಿಗೆ ದೊರೆತರೆ ಅವನ್ನೂ ಬಿಡಬಾರದು.

ಮೊದಲು ಪ್ರಾಣ, ನಂತರ ಯಂತ್ರ

ಈ ಹವ್ಯಾಸದಲ್ಲಿ ನಿಜವಾದ ಅಪಾಯವಿರುವುದು ವಿದ್ಯುತ್ತಿನದು. ಈ ಭಾಗವನ್ನು ಓದುಗರು ಎಚ್ಚರಿಕೆಯಿಂದ ಗಮನಿಸಬೇಕೆಂದು ವಿನಂತಿಸುತ್ತೇವೆ. ವಿದ್ಯುತ್ ಕೆಲಸದ ಅನುಭವವಿಲ್ಲದವರು ಇದನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಹಳೆಯ ಯಂತ್ರಗಳಲ್ಲಿ ಅನೇಕವಕ್ಕೆ ಲೋಹದ ಮೈ ಇದ್ದರೂ ಎರಡೇ ಎಳೆಯ ತಂತಿ ಇರುತ್ತದೆ, ಅರ್ತಿಂಗ್ ಇರುವುದಿಲ್ಲ. ಕೆಲವಕ್ಕಂತೂ ದೀಪದ ಹೋಲ್ಡರಿಗೆ ಸಿಕ್ಕಿಸುವ ಪ್ಲಗ್ ಇರುತ್ತದೆ. ಒಳಗಿನ ನಿರೋಧಕ ಪದರ ಒಂದೆಡೆ ಹರಿದರೂ ಇಡೀ ಮೈಗೆ ವಿದ್ಯುತ್ ಹರಿಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಂತಹ ಯಂತ್ರವನ್ನು ಮುಟ್ಟಿದವರಿಗೆ ಅದು ಪ್ರಾಣಾಂತಿಕವಾಗಬಲ್ಲದು. ಲೋಹದ ಮೈಯ ಯಂತ್ರವನ್ನು ಓಡಿಸುವುದಾದರೆ ಮೂರು ಎಳೆಯ ಹೊಸ ತಂತಿ ಹಾಕಿ, ಅರ್ತ್ ಎಳೆಯನ್ನು ಮೈಗೆ ಭದ್ರವಾಗಿ ಬಿಗಿದು, ಮೂರು ಪಿನ್ನಿನ ಪ್ಲಗ್ ಜೋಡಿಸಲೇಬೇಕು. ಹೊರಮೈ ಪ್ಲಾಸ್ಟಿಕ್ಕಿನದಾಗಿದ್ದು, ಫಲಕದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಮ್ಮಡಿ ನಿರೋಧಕವುಳ್ಳ ಯಂತ್ರ. ಅದಕ್ಕೆ ಎರಡು ಎಳೆ ಸಾಕು.

ತಂತಿಯ ಬಣ್ಣಗಳ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಮೆರಿಕದ ಯಂತ್ರದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಈಗ ದೊರೆಯುವ ಉಪಕರಣಗಳ ತಂತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಒಂದೇ ಕಪ್ಪು ತಂತಿ ಒಂದು ದೇಶದ ಯಂತ್ರದಲ್ಲಿ ನಿರಪಾಯಕಾರಿ, ಇನ್ನೊಂದರಲ್ಲಿ ಮಾರಕ. ಬಣ್ಣವನ್ನು ನಂಬದೆ ಮಲ್ಟಿಮೀಟರಿನಿಂದ ಪರೀಕ್ಷಿಸಿಯೇ ಜೋಡಿಸಬೇಕು.

ವೋಲ್ಟೇಜೂ ಅಷ್ಟೇ ಮುಖ್ಯ. ನಮ್ಮ ಮನೆಗಳ ಪೂರೈಕೆ 230 ವೋಲ್ಟ್, 50 ಹರ್ಟ್ಜ್. ಅಮೆರಿಕದ ಯಂತ್ರಗಳು ಸುಮಾರು 110ರಿಂದ 120 ವೋಲ್ಟಿನವು. ವಿದೇಶದಿಂದ ಬಂಧುಗಳು ತಂದುಕೊಟ್ಟ ಯಂತ್ರವನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಿದರೆ ಅದು ಕ್ಷಣಮಾತ್ರದಲ್ಲಿ ಸುಡುತ್ತದೆ. ಇಂತಹುದಕ್ಕೆ ಯಂತ್ರದ ವ್ಯಾಟ್‌ಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಹೊಸ ತಂತಿ ಜೋಡಿಸಿದ ಮೇಲೆ 500 ವೋಲ್ಟಿನ ಮೆಗ್ಗರ್‌ನಿಂದ ಮೈಗೂ ವೈಂಡಿಂಗಿಗೂ ನಡುವಿನ ನಿರೋಧವನ್ನು ಅಳೆಯಬೇಕು. ಕನಿಷ್ಠ 1 ಮೆಗ್‌ಓಮ್ ಬರಬೇಕು. ಇಮ್ಮಡಿ ನಿರೋಧಕದ ಯಂತ್ರಕ್ಕೆ 2 ಮೆಗ್‌ಓಮ್. ಆರೋಗ್ಯವಂತ ಮೋಟರು ಇದಕ್ಕಿಂತ ಬಹಳ ಹೆಚ್ಚನ್ನೇ ತೋರಿಸುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ಊರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ವೈಂಡಿಂಗು ತೇವ ಹೀರಿ ಈ ಅಂಕಿ ಇಳಿದಿರುತ್ತದೆ. ಮೋಟರನ್ನು ಪೆಟ್ಟಿಗೆಯೊಂದರಲ್ಲಿಟ್ಟು ಪಕ್ಕದಲ್ಲಿ ಅದಕ್ಕೆ ತಗುಲದಂತೆ 60 ವ್ಯಾಟಿನ ಹಳೆಯ ಬಲ್ಬೊಂದನ್ನು ಉರಿಸಿ, ಕಣ್ಣಳತೆಯಲ್ಲೇ ಇರಿಸಿಕೊಂಡು ಮೆಲ್ಲಗೆ ಒಣಗಿಸಿ ಮತ್ತೆ ಅಳೆಯಬೇಕು. ಆಗಲೂ ಅಂಕಿ ಏರದಿದ್ದರೆ ಆ ಮೋಟರನ್ನು ಓಡಿಸಕೂಡದು.

ಮೊದಲ ಓಟವನ್ನು ಎಲೆಕ್ಟ್ರಿಷಿಯನ್ನರ ಬಳಿಯಿರುವ ಸೀರೀಸ್ ಬಲ್ಬಿನ ಬೋರ್ಡಿನ ಮೂಲಕ, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರುವ ಸರ್ಕ್ಯೂಟಿನಲ್ಲಿ ಮಾಡುವುದು ಕ್ಷೇಮ. ಬಲ್ಬು ಉರಿದು ಮೋಟರು ಮೆಲ್ಲಗೆ ತಿರುಗಿದರೆ ಸರಿ. ಬಲ್ಬು ಪ್ರಖರವಾಗಿ ಉರಿದರೂ ಮೋಟರು ಕದಲದಿದ್ದರೆ ಶಾರ್ಟ್ ಆಗಿರಬಹುದು ಅಥವಾ ದಂಡ ಹಿಡಿದುಕೊಂಡಿರಬಹುದು. ಬಲ್ಬೇ ಉರಿಯದಿದ್ದರೆ ತಂತಿ, ಸ್ವಿಚ್ಚು ಅಥವಾ ಕಾರ್ಬನ್ ಬ್ರಷ್ಷಿನಲ್ಲಿ ಸಂಪರ್ಕ ಕಡಿದಿದೆ ಎಂದರ್ಥ.

ಮೋಟರಿನ ಒಳಗೆ

ವ್ಯಾಕ್ಯೂಮ್ ಕ್ಲೀನರಿನಲ್ಲಿ ರೂಢಿಯಾಗಿ ಇರುವುದು ಯೂನಿವರ್ಸಲ್ ಮೋಟರು, ಎ.ಸಿ., ಡಿ.ಸಿ. ಎರಡರಲ್ಲೂ ಓಡಬಲ್ಲದು. ಹಿಂದೆ ಕೆಲವು ನಗರಗಳಲ್ಲಿ ಡಿ.ಸಿ. ಪೂರೈಕೆಯೂ ಇದ್ದುದರಿಂದ ಹಳೆಯ ಫಲಕಗಳಲ್ಲಿ ಎರಡನ್ನೂ ನಮೂದಿಸಿರುವುದು ಕಾಣುತ್ತದೆ. ಈ ಮೋಟರು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಫ್ಯಾನನ್ನು ಕಳಚಿಟ್ಟು ಬರಿ ಮೋಟರನ್ನು ಪೂರ್ಣ ವೋಲ್ಟೇಜಿನಲ್ಲಿ ಓಡಿಸಲೇಬಾರದು. ಹೊರೆಯಿಲ್ಲದಾಗ ಅದರ ವೇಗ ಮಿತಿಮೀರಿ ಏರಿ ಆರ್ಮೇಚರ್ ಚೂರಾಗುವ ಅಪಾಯವಿದೆ.

ಹೋಸ್ ಪೈಪಿನ ಬಾಯಿ ಮುಚ್ಚಿಕೊಂಡಾಗ ಯಂತ್ರದ ಸದ್ದು ಕೀರಲಾಗುವುದನ್ನು ಎಲ್ಲರೂ ಕೇಳಿರುತ್ತಾರೆ. ಮೋಟರಿಗೆ ಶ್ರಮ ಹೆಚ್ಚಿತೆಂದು ಅನೇಕರು ಭಾವಿಸುವುದುಂಟು. ವಾಸ್ತವದಲ್ಲಿ ಆಗ ತಳ್ಳಬೇಕಾದ ಗಾಳಿಯೇ ಇಲ್ಲದೆ ಹೊರೆ ಇಳಿದು ವೇಗ ಏರಿರುತ್ತದೆ. ಆದರೆ ಮೋಟರನ್ನು ತಣಿಸುತ್ತಿದ್ದುದೂ ಅದೇ ಗಾಳಿಯಾದ್ದರಿಂದ ಬಿಸಿ ಏರತೊಡಗುತ್ತದೆ. ಚೀಲ ತುಂಬಿದಂತೆಯೇ ಓಡಿಸುತ್ತ ಹೋದರೆ ಮೋಟರು ಸುಡುವುದು ಈ ಕಾರಣದಿಂದ. ಚೀಲ ಹರಿದರೆ ಧೂಳು ನೇರವಾಗಿ ಮೋಟರಿಗೇ ನುಗ್ಗುತ್ತದೆ.

ಬಿಚ್ಚುವ ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಫ್ಯಾನಿನ ನಟ್ಟಿಗೆ ಎಡಮರೆ ಇರುವುದರಿಂದ ಬಲ ಪ್ರಯೋಗಿಸುವ ಮುನ್ನ ಅದನ್ನು ಪರಿಶೀಲಿಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ದಶಕಗಳ ಧೂಳನ್ನು ಮನೆಯೊಳಗೆ ಕೊಡವದೆ ಬಯಲಿನಲ್ಲಿ, ಮುಖವಸ್ತ್ರ ಧರಿಸಿ ತೆಗೆಯಬೇಕು. ಹಳೆಯ ವಿದ್ಯುತ್ ಸಾಧನಗಳ ಕೆಲವು ಪದರಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಬೂದು ಬಣ್ಣದ ನಾರುನಾರಾದ ಪದರ ಕಂಡರೆ ಅದನ್ನು ಕೆರೆಯದೆ ಕೆಲಸ ನಿಲ್ಲಿಸಬೇಕು.

ಮೋಟರಿನಲ್ಲಿ ಗಮನಿಸಬೇಕಾದ ಅಂಗಗಳು ನಾಲ್ಕು.

ಕಾರ್ಬನ್ ಬ್ರಷ್: ಮೂಲ ಉದ್ದದ ಮೂರನೆಯ ಒಂದು ಭಾಗಕ್ಕೆ ಇಳಿದಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ಅದೇ ಅಳತೆಯದು ಸಿಗದಿದ್ದರೆ ತುಸು ದೊಡ್ಡದನ್ನು ಕೊಂಡು ಉಪ್ಪುಕಾಗದದ ಮೇಲೆ ತೀಡಿ ಅಳತೆಗೆ ತರಬಹುದು.

ಕಮ್ಯುಟೇಟರ್: ತಾಮ್ರದ ಪಟ್ಟಿಗಳು ಸಮನಾದ ಕಂದು ಬಣ್ಣ ತಾಳಿದ್ದರೆ ಅದು ಆರೋಗ್ಯದ ಚಿಹ್ನೆ, ಹೊಳೆಯುವಂತೆ ಉಜ್ಜುವ ಅಗತ್ಯವಿಲ್ಲ. ಮಸಿ ಕಟ್ಟಿದ್ದರೆ ನಯವಾದ ಉಪ್ಪುಕಾಗದದಿಂದ ಒರೆಸಬೇಕು. ಎಮರಿ ಬಟ್ಟೆಯನ್ನು ಬಳಸಬಾರದು, ಅದರ ಕಣಗಳು ಪಟ್ಟಿಗಳ ನಡುವೆ ಸಿಕ್ಕಿ ತೊಂದರೆ ಕೊಡುತ್ತವೆ. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕಪ್ಪಾಗಿದ್ದರೆ ಆರ್ಮೇಚರಿನ ಸುರುಳಿ ಕಡಿದಿರುವ ಸೂಚನೆ.

ಬೇರಿಂಗ್: ಅನೇಕ ಮೋಟರುಗಳಲ್ಲಿ 608 ಸಂಖ್ಯೆಯ, ಅಂದರೆ 8 ಮಿ.ಮೀ. ಒಳವ್ಯಾಸ ಮತ್ತು 22 ಮಿ.ಮೀ. ಹೊರವ್ಯಾಸದ ಬಾಲ್ ಬೇರಿಂಗ್ ಇರುತ್ತದೆ. ಇದು ಎಲ್ಲ ಊರುಗಳಲ್ಲೂ ಕಡಿಮೆ ಬೆಲೆಗೆ ದೊರೆಯುತ್ತದೆ. ಇನ್ನೂ ಹಳೆಯವುಗಳಲ್ಲಿ ಕಂಚಿನ ಬುಷ್ ಮತ್ತು ಎಣ್ಣೆ ಹೀರುವ ಫೆಲ್ಟ್ ಇರುತ್ತವೆ. ಫೆಲ್ಟನ್ನು ತೊಳೆದು ತೆಳುವಾದ ಯಂತ್ರದ ಎಣ್ಣೆ ಕುಡಿಸಬೇಕು. ತೆಂಗಿನೆಣ್ಣೆ ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ.

ಕೆಪಾಸಿಟರ್: ರೇಡಿಯೊದಲ್ಲಿ ಗೊರಗೊರ ಸದ್ದು ಬಾರದಿರಲೆಂದು ಹಾಕಿದ ಸಣ್ಣ ಭಾಗವಿದು. ಹಳೆಯ ಕಾಗದದ ಕೆಪಾಸಿಟರುಗಳು ಸೋರುವುದು, ಸಿಡಿಯುವುದು ಸಾಮಾನ್ಯ. ಅದನ್ನು ಪರೀಕ್ಷಿಸುತ್ತ ಕೂರದೆ ತೆಗೆದುಬಿಟ್ಟು, ಫೇಸ್-ನ್ಯೂಟ್ರಲ್ ನಡುವೆ ಎಕ್ಸ್-2 ವರ್ಗದ, ಮೈಗೆ ಸೇರುವಲ್ಲಿ ವೈ ವರ್ಗದ ಹೊಸದನ್ನೇ ಹಾಕಬೇಕು. ಇವೆರಡನ್ನೂ ಅದಲುಬದಲು ಮಾಡುವುದು ಅಪಾಯಕಾರಿ.

ಜೋಡಣೆ ಮುಗಿದು ಓಡಿಸಿದಾಗ ಬ್ರಷ್ಷಿನ ತುದಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಭಯಪಡಬೇಕಾಗಿಲ್ಲ. ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯಂತೆ ಕಿಡಿ ಸುತ್ತಿದರೆ ಕೂಡಲೇ ನಿಲ್ಲಿಸಬೇಕು.

ಹೊರಮೈ ಮತ್ತು ಸಾಮಗ್ರಿಗಳು

ಬೇಕಲೈಟ್ ಭಾಗಗಳನ್ನು ಬೆಚ್ಚನೆಯ ನೀರು ಮತ್ತು ಮೃದು ಸಾಬೂನಿನಿಂದ ಒರೆಸಿ ಕೂಡಲೇ ಒಣಗಿಸಿದರೆ ಸಾಕು. ಬ್ಲೀಚು, ಕಾಸ್ಟಿಕ್ ಸೋಡ ತಾಗಿದರೆ ಹೊಳಪು ಶಾಶ್ವತವಾಗಿ ಹೋಗುತ್ತದೆ. ಅಲ್ಯೂಮಿನಿಯಮ್ಮಿಗೂ ಕಾಸ್ಟಿಕ್ ಸೋಡ ಶತ್ರು. ಕ್ರೋಮ್ ಲೇಪದ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಮ್ ಫಾಯಿಲನ್ನು ಉಂಡೆ ಮಾಡಿ ನೀರಿನಲ್ಲದ್ದಿ ಉಜ್ಜುವುದು ಸುಲಭೋಪಾಯ. 1980ರ ದಶಕದ ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳಿಯಾಗಿಸುವ ವಿಧಾನವಿದೆ. ಆದರೆ ಬಣ್ಣ ಮತ್ತೆ ಹಳದಿಗೆ ತಿರುಗುವುದುಂಟು, ಪ್ಲಾಸ್ಟಿಕ್ ಪೆಡಸಾಗುವ ಸಂಭವವೂ ಇದೆ. ಹಳದಿ ಬಣ್ಣ ವಯಸ್ಸಿನ ಗುರುತು. ಹಾಗೆಯೇ ಬಿಡುವುದರಲ್ಲಿ ನಷ್ಟವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಬಟ್ಟೆಯ ಚೀಲವನ್ನು ಒಗೆಯುವ ಮುನ್ನ ಯೋಚಿಸಬೇಕು. ಅದರ ನೇಯ್ಗೆ ಸಡಿಲಗೊಂಡರೆ ಸೂಕ್ಷ್ಮ ಧೂಳು ತೂರಿ ಮೋಟರು ಸೇರುತ್ತದೆ. ಕೊಡವಿ ಬಿಸಿಲಿಗಿಟ್ಟರೆ ಸಾಕು. ಮೂಲ ಚೀಲ ಜೀರ್ಣವಾಗಿದ್ದರೆ ಅದನ್ನು ಅಳತೆಗಾಗಿ ತೆಗೆದಿಟ್ಟು, ಒತ್ತಾದ ಹತ್ತಿ ಬಟ್ಟೆಯಲ್ಲಿ ಎರಡು ಪದರದ ಚೀಲವನ್ನು ದರ್ಜಿಯಿಂದ ಹೊಲಿಸಿಕೊಳ್ಳಬಹುದು. ಹೋಸ್ ಪೈಪು ಎಲ್ಲಿ ಬಿರಿದಿದೆಯೆಂದು ತಿಳಿಯಲು ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ ಯಂತ್ರ ಓಡಿಸಿದರೆ ಸಿಳ್ಳಿನ ಸದ್ದೇ ಜಾಗ ತೋರಿಸುತ್ತದೆ.

ಏನನ್ನು ಬದಲಿಸಬಾರದು

ನಮ್ಮ ಊರಿನ ಹಳೆಯ ದೇವಾಲಯಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಕೆತ್ತನೆಯ ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಬಳಿದಿರುವುದನ್ನು ನೋಡಿ ಮರುಗದವರಾರು? ಬಳಿದವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಶಿಲ್ಪಿಯ ಉಳಿಯ ಗುರುತು ಆ ಬಣ್ಣದಡಿಯಲ್ಲಿ ಮುಚ್ಚಿಹೋಯಿತು. ಯಂತ್ರದ ವಿಷಯದಲ್ಲೂ ಇದೇ ತಪ್ಪು ಸುಲಭವಾಗಿ ಘಟಿಸುತ್ತದೆ. ಮೂಲ ಬಣ್ಣವನ್ನು ಕೆರೆದು ಹೊಸದಾಗಿ ಸ್ಪ್ರೇ ಮಾಡಿದರೆ, ಫಲಕವನ್ನು ಅಕ್ಷರಗಳೇ ಮಾಸುವಂತೆ ಉಜ್ಜಿದರೆ, ಹಿಡಿಕೆಯ ಸವೆತವನ್ನು ತೀಡಿ ಸಮ ಮಾಡಿದರೆ ಯಂತ್ರ ಹೊಸದರಂತೆ ಕಾಣಬಹುದು. ಆದರೆ ಅದು ಯಾವ ಕಾಲದಲ್ಲಿ, ಯಾರ ಕೈಯಲ್ಲಿ, ಹೇಗೆ ದುಡಿಯಿತೆಂಬ ಸಾಕ್ಷ್ಯ ಅಳಿದುಹೋಗುತ್ತದೆ. ಹಿಡಿಕೆಯ ಎಡಭಾಗ ಮಾತ್ರ ಸವೆದಿದ್ದರೆ ಅದನ್ನು ಬಳಸಿದ ಗೃಹಿಣಿ ಎಡಗೈಯವರಾಗಿದ್ದಿರಬಹುದು. ಇಂತಹ ಸಂಗತಿಯನ್ನು ಬೇರೆ ಯಾವ ಪುಸ್ತಕವೂ ನಮಗೆ ತಿಳಿಸಲಾರದು.

ನಾವು ಅನುಸರಿಸುತ್ತಿರುವ ನಿಯಮ ಸರಳವಾದುದು. ಪ್ರಾಣಕ್ಕೆ ಸಂಬಂಧಿಸಿದ್ದನ್ನು, ಅಂದರೆ ತಂತಿ, ಪ್ಲಗ್, ಅರ್ತಿಂಗ್, ಕೆಪಾಸಿಟರ್‌ಗಳನ್ನು, ನಿಸ್ಸಂಕೋಚವಾಗಿ ಬದಲಿಸಬೇಕು. ಸವೆದು ಹೋಗಲೆಂದೇ ಮಾಡಿದ ಬ್ರಷ್, ಬೇರಿಂಗ್, ಬೆಲ್ಟ್‌ಗಳನ್ನು ಅಗತ್ಯವಿದ್ದರೆ ಬದಲಿಸಬಹುದು. ಉಳಿದುದನ್ನು ಶುಚಿಗೊಳಿಸಿ ಹಾಗೆಯೇ ಬಿಡಬೇಕು. ಮುಂದೊಬ್ಬರು ಬಿಚ್ಚಿ ಹಿಂದಿನ ಸ್ಥಿತಿಗೆ ತರಲಾಗದಂತಹ ಯಾವ ಬದಲಾವಣೆಯನ್ನೂ ಮಾಡಬಾರದು. ಹೊಸ ತೂತು ಕೊರೆಯುವುದು, ಎಪಾಕ್ಸಿ ಅಂಟಿನಿಂದ ಶಾಶ್ವತವಾಗಿ ಮುಚ್ಚುವುದು ಇವೆಲ್ಲ ಈ ಸಾಲಿಗೆ ಸೇರುತ್ತವೆ.

ಲೆಕ್ಕದ ಪುಸ್ತಕಗಳ ನಡುವೆ ವೃತ್ತಿಜೀವನ ಕಳೆದ ನಮಗೆ ಇನ್ನೊಂದು ಅಭ್ಯಾಸವೂ ಅಂಟಿಬಂದಿದೆ. ಬ್ಯಾಂಕಿನಲ್ಲಿ ಒಂದು ನಮೂದನ್ನು ತಿದ್ದಬೇಕಾದರೆ ಹಳೆಯ ಅಂಕಿಯನ್ನು ಅಳಿಸುವಂತಿಲ್ಲ. ಅದು ಓದುವಂತೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಹಾಕಬೇಕು. ಯಂತ್ರಕ್ಕೂ ಹಾಗೆಯೇ ಒಂದು ವಹಿ ಇರಬೇಕು. ಎಲ್ಲಿಂದ, ಯಾವ ದಿನ, ಎಷ್ಟಕ್ಕೆ ಬಂತು. ಹಿಂದಿನ ಒಡೆಯರು ಹೇಳಿದ್ದೇನು. ಯಾವ ಭಾಗ ಯಾವಾಗ ಬದಲಾಯಿತು. ಮೆಗ್ಗರ್ ತೋರಿಸಿದ ಅಂಕಿ ಎಷ್ಟು ಎಂಬಿಷ್ಟನ್ನೂ ಬರೆದಿಡಬೇಕು. ತೆಗೆದ ಹಳೆಯ ತಂತಿ, ಬ್ರಷ್ಷುಗಳನ್ನು ಎಸೆಯದೆ ಚೀಟಿ ಅಂಟಿಸಿ ಪೊಟ್ಟಣ ಕಟ್ಟಿ ಯಂತ್ರದ ಜೊತೆಗಿಡಬೇಕು. ಸಂಗ್ರಾಹಕನ ನಂತರ ಆ ವಸ್ತು ಮಕ್ಕಳ ಅಥವಾ ಇನ್ನೊಬ್ಬ ಹವ್ಯಾಸಿಯ ಕೈ ಸೇರಿದಾಗ ಈ ವಹಿಯೇ ಅದರ ಹಕ್ಕುಪತ್ರ.

ಓಡದ ಯಂತ್ರವೂ ಸಂಗ್ರಹವೇ

ಎಲ್ಲ ಯಂತ್ರಗಳೂ ಮತ್ತೆ ಓಡಬೇಕೆಂದಿಲ್ಲ. ನಿರೋಧ ಪರೀಕ್ಷೆಯಲ್ಲಿ ಸೋತದ್ದು, ಕಲ್ನಾರಿನ ಅನುಮಾನವಿರುವುದು, ರೀವೈಂಡ್ ಮಾಡಿದರೆ ಮೂಲ ವೈಂಡಿಂಗ್ ನಾಶವಾಗುವಂತಹ ಅಪರೂಪದ್ದು ಇವನ್ನು ಓಡಿಸದೆ ಪ್ರದರ್ಶನಕ್ಕಿಡುವುದೇ ವಿವೇಕ. ಆಗ ಪ್ಲಗ್ಗನ್ನು ಕಳಚಿ, 'ವಿದ್ಯುತ್ ಸಂಪರ್ಕ ಕೊಡಬಾರದು' ಎಂಬ ಚೀಟಿಯನ್ನು ತಂತಿಗೆ ಕಟ್ಟಬೇಕು. ಮನೆಗೆ ಬಂದ ಮೊಮ್ಮಗ ಕುತೂಹಲದಿಂದ ಸ್ವಿಚ್ ಒತ್ತುವ ಸಂಭವ ಯಾವಾಗಲೂ ಇದ್ದೇ ಇರುತ್ತದೆ.

ಯಾವ ಬಗೆಯಲ್ಲೂ ಉಳಿಸಲಾಗದ ಯಂತ್ರವನ್ನು ಕಸದ ಬುಟ್ಟಿಗೆ ಎಸೆಯುವುದು ತರವಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿ ವ್ಯಾಕ್ಯೂಮ್ ಕ್ಲೀನರೂ ಸೇರಿದೆ. ಅದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಅದಕ್ಕೆ ಮುನ್ನ ಉಪಯುಕ್ತ ಬಿಡಿಭಾಗಗಳನ್ನು ಬಿಚ್ಚಿಟ್ಟುಕೊಂಡರೆ ಅದೇ ಮಾದರಿಯ ಇನ್ನೊಂದು ಯಂತ್ರ ಬದುಕೀತು.

ಊರಿನ ಮನೆಗಳ ಒರಳುಕಲ್ಲು, ಬೀಸುವ ಕಲ್ಲು, ಕಂಚಿನ ಪಾತ್ರೆಗಳನ್ನು ಸಂಗ್ರಹಾಲಯದಲ್ಲಿ ಕಂಡು ನಾವು ಸಂತೋಷಪಡುತ್ತೇವೆ. ಹುಟ್ಟೂರು ಬಿಟ್ಟು ಮಹಾನಗರಗಳಲ್ಲಿ ಸಂಸಾರ ಹೂಡಿದ ತಲೆಮಾರು ತನ್ನ ದುಡಿಮೆಯಿಂದ ಕೊಂಡ ವಸ್ತುಗಳೂ ಒಂದು ದಿನ ಅದೇ ಸಾಲಿಗೆ ಸೇರಬೇಕಾದವು. ಈ ಬಾರಿ ಹಬ್ಬಕ್ಕೆಂದು ಅಟ್ಟ ತೊಳೆಯುವಾಗ ಅಂತಹ ಯಂತ್ರವೊಂದು ಕಣ್ಣಿಗೆ ಬಿದ್ದರೆ, ಗುಜರಿಯವನನ್ನು ಕೂಗುವ ಮುನ್ನ ಅದರ ಫಲಕವನ್ನೊಮ್ಮೆ ಓದಿ, ರಸೀದಿ ಎಲ್ಲಾದರೂ ಉಳಿದಿದೆಯೇ ಎಂದು ಮನೆಯ ಹಿರಿಯರನ್ನು ವಿಚಾರಿಸಬೇಕೆಂದು ಓದುಗರಲ್ಲಿ ಕೋರುತ್ತೇವೆ.